ಕತಲ್ ರಾತ್ರಿ ಹೆಜ್ಜೆ ಹಾಕುವುದು ಹೇಗೆ: ಹೊಸಬರಿಗೆ ಹಂತ ಹಂತವಾಗಿ

ಕಲಬುರಗಿ ಜಿಲ್ಲೆಯ ಕಿಣ್ಣಿ ಸುಲ್ತಾನ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ರಾತ್ರಿಯೆಲ್ಲ ಕೂಡಿ ಕುಣಿಯಬೇಕೆಂದರೆ ಕ್ಲಬ್ಬೂ ಬೇಡ, ಟಿಕೆಟ್ಟೂ ಬೇಡ. ಮೊಹರಂ ಬರಬೇಕು, ಅಷ್ಟೇ. ಸಾಲ್ಸಾ ಕುಣಿಯುವವರು ಮೊದಲು ಜೊತೆಗಾರರನ್ನು ಹುಡುಕಬೇಕು, ಎಂಟರ ಎಣಿಕೆಯಲ್ಲಿ ಆರು ಹೆಜ್ಜೆ ಹಾಕಿ ನಾಲ್ಕಕ್ಕೂ ಎಂಟಕ್ಕೂ ತಡೆಯಬೇಕು. ಇಲ್ಲಿ ಜೋಡಿಯ ಗೊಡವೆಯಿಲ್ಲ. ಸಾಲಿಗೆ ಸೇರಿದರೆ ಸಾಲೇ ನಡೆಸಿಕೊಂಡು ಹೋಗುತ್ತದೆ.

1. ದಿನ ಗೊತ್ತು ಮಾಡಿಕೊಳ್ಳಿ

ಗೋಡೆಯ ಕ್ಯಾಲೆಂಡರನ್ನು ಹೋದ ವರ್ಷದ ನೆನಪಿನಲ್ಲಿ ನೋಡಬೇಡಿ. ಹಬ್ಬ ಚಂದ್ರನ ಲೆಕ್ಕದ್ದು, ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮೊಹರಂನ ಹತ್ತನೇ ದಿನ 2024ರಲ್ಲಿ ಜುಲೈ 17ಕ್ಕೆ ಬಂದಿತ್ತು, 2025ರಲ್ಲಿ ಜುಲೈ 6ಕ್ಕೆ. ಚಂದ್ರ ಕಂಡ ಮೇಲೆ ಅಲಾಯಿ ಕುಣಿಗೆ, ಅಂದರೆ ಬೆಂಕಿ ಹಾಕುವ ಗುಂಡಿಗೆ, ಗುದ್ದಲಿ ಬೀಳುತ್ತದೆ, ಆಮೇಲೆ ಪಂಜಾಗಳನ್ನು, ಅಂದರೆ ಪೀರ ದೇವರನ್ನು, ಕೂಡಿಸುತ್ತಾರೆ. ನಿಮಗೆ ಬೇಕಾದದ್ದು ಹತ್ತನೇ ದಿನದ ಹಿಂದಿನ ರಾತ್ರಿ, ಅಂದರೆ ಕತಲ್ ರಾತ್ರಿ. ಆದರೆ ಹೊಸಬರು ಎರಡು ದಿನ ಮೊದಲೇ ಒಂದು ಸಂಜೆ ಹೋಗಿ ಬರುವುದು ಒಳ್ಳೆಯದು. ಆಗ ಜನ ಕಡಿಮೆ, ಹೆಜ್ಜೆ ತಪ್ಪಿದರೂ ನಗುವವರು ಕಡಿಮೆ.

2. ಉಡುಪು

ಧೋತರವೋ ಲುಂಗಿಯೋ ಇರಲಿ. ಬಿಗಿ ಪ್ಯಾಂಟಿನಲ್ಲಿ ಮಂಡಿ ಬಾಗುವುದಿಲ್ಲ. ಕೈಯಲ್ಲೊಂದು ದಸ್ತಿ ಬೇಕು, ಅದು ಬೆವರು ಒರೆಸಿಕೊಳ್ಳಲಿಕ್ಕಲ್ಲ, ಬೀಸಲಿಕ್ಕೆ. ಗೆಜ್ಜೆಯನ್ನು ಮೊದಲ ವರ್ಷವೇ ಕಟ್ಟಬೇಡಿ. ತಪ್ಪು ಹೆಜ್ಜೆಯನ್ನು ಗೆಜ್ಜೆ ಊರಿಗೆಲ್ಲ ಸಾರುತ್ತದೆ. ಚಪ್ಪಲಿ ದೂರ ಬಿಡಬೇಕು.

3. ಮೊದಲು ದೇವರಿಗೆ, ಆಮೇಲೆ ಮೇಳಕ್ಕೆ

ಒಂದಿಷ್ಟು ಸಕ್ಕರೆ, ಊದು ಹಿಡಿದು ಪಂಜಾ ಕೂಡಿಸಿದ ಜಾಗದ ಒಳಗೆ ಹೋಗಿ. ದೇವರ ಸೇವೆ ಮಾಡುವ ಮುಜಾವರರು ಸಕ್ಕರೆ ಓದಿಸಿಕೊಡುತ್ತಾರೆ. ನೀವು ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಪೀರ ದೇವರು ಕೂಡುವ ಸೀಮೆ ಇದು. ಹರಕೆ ಹೊತ್ತವರು ಕೊರಳಿಗೆ ಲಾಡಿ (ಹರಕೆಯ ದಾರ) ಹಾಕಿಕೊಂಡು ಫಕೀರರಾಗಿರುತ್ತಾರೆ. ಚೆಂದ ಕಂಡಿತೆಂದು ಸುಮ್ಮನೆ ಲಾಡಿ ಹಾಕಿಕೊಳ್ಳಬೇಡಿ, ಅದಕ್ಕೆ ನೇಮವಿದೆ.

ಹೊರಗೆ ಬಂದು ಹೆಜ್ಜೆ ಹಾಕುವ ಮೇಳದ ಹಿರಿಯರನ್ನು ಕೇಳಿ: "ಮುತ್ಯಾ, ನಾನೂ ಹಿಂದ ನಿಂದರ್ಲೇನ್ರೀ?" ಬೇಡ ಅನ್ನುವವರು ಅಪರೂಪ. "ಬಾರೋ ತಮ್ಮಾ, ಕಾಲ್ ನೋಡ್ಕೋತ ಬಾ" ಅನ್ನುತ್ತಾರೆ. ಪಾಠ ಅಷ್ಟರಲ್ಲೇ ಮುಗಿಯಿತು. ಕುಣಿಯುವವರು ಹೆಚ್ಚಾಗಿ ಗಂಡಸರೇ. ಹೆಂಗಸರು ದೇವರು ಹೊತ್ತವರ ಕಾಲಿಗೆ ನೀರು ಹಾಕುತ್ತಾರೆ, ಸಕ್ಕರೆ ಹಂಚುತ್ತಾರೆ, ಕಟ್ಟೆಯ ಮೇಲೆ ಕೂತು ಯಾವ ಮೇಳ ಚೆನ್ನಾಗಿ ಹೆಜ್ಜೆ ಹಾಕಿತೆಂಬ ತೀರ್ಪನ್ನೂ ಕೊಡುತ್ತಾರೆ.

4. ಹೆಜ್ಜೆ

ಊರೂರಿಗೆ ಹೆಜ್ಜೆ ಬೇರೆ. ಆದರೂ ಎಲ್ಲ ಕಡೆ ದಾಟಿಸುವಂಥ ಸಾದಾ ಹೆಜ್ಜೆ ಒಂದಿದೆ. ಬಲಗಾಲು ಮುಂದಿಡಿ, ಎಡಗಾಲನ್ನು ಅದರ ಪಕ್ಕಕ್ಕೆ ತನ್ನಿ, ಬಲಗಾಲು ಹಿಂದಕ್ಕೆ ತೆಗೆದು ಕುಣಿಯ ಕಡೆ ಸ್ವಲ್ಪ ಬಾಗಿ, ಮತ್ತೆ ಏಳಿ. ಬಾಗುವಾಗ ದಸ್ತಿ ಕೆಳಗೆ, ಏಳುವಾಗ ಮೇಲೆ. ಹೊಸಬರು ಮಾಡುವ ತಪ್ಪು ಒಂದೇ: ಕಾಲನ್ನು ಎತ್ತಿ ಎತ್ತಿ ಹಾಕುವುದು. ಹಳಬರ ಪಾದ ನೋಡಿ, ನೆಲ ಬಿಟ್ಟು ಮೇಲೇಳುವುದೇ ಕಡಿಮೆ. ಹಿಮ್ಮಡಿ ಊರುವ ಮೊದಲೇ ಮಂಡಿ ಸಡಿಲಾಗಿರುತ್ತದೆ, ಹೆಬ್ಬೆರಳು ಮಣ್ಣನ್ನು ಸವರಿಕೊಂಡೇ ಮುಂದೆ ಹೋಗುತ್ತದೆ. ಹಾಗಾಗಿಯೇ ಅರವತ್ತು ದಾಟಿದವರೂ ಬೆಳಗಿನ ತನಕ ಕುಣಿಯುತ್ತಾರೆ, ಇಪ್ಪತ್ತರ ಹುಡುಗರು ನಡುರಾತ್ರಿಗೇ ಕಟ್ಟೆ ಹುಡುಕುತ್ತಾರೆ.

ಎಣಿಸಬೇಡಿ, ಹಲಗೆ ಕೇಳಿ. ಹಲಗೆಯವನು ಪೆಟ್ಟು ಬಿಗಿಮಾಡಿದರೆ ತಿರುಗುವ ಹೊತ್ತು ಬಂತೆಂದು ತಿಳಿಯಬೇಕು. ಈಚೆಗೆ ಕೆಲವು ಕಡೆ ಡಿಜೆ ತರುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ಹೋಗುವುದೇ ದಂಡ. ಹಲಗೆಯವನು ಕುಣಿಯುವವರ ಕಾಲು ನೋಡಿ ಲಯ ಏರಿಸುತ್ತಾನೆ, ಇಳಿಸುತ್ತಾನೆ. ಸ್ಪೀಕರಿಗೆ ಯಾರ ಕಾಲೂ ಕಾಣುವುದಿಲ್ಲ.

5. ಹಾಡಿಗೆ ಕಿವಿಗೊಡಿ

ಹಾಡುವುದು ರಿವಾಯತ ಪದ. ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ನೀವು ಹಿಂದಿನವರು, ಮೊದಲು ಸಾಲಿನ ಕೊನೆಯ ಶಬ್ದವನ್ನಾದರೂ ಹಿಡಿಯಿರಿ. ಕಥೆ 680ರಲ್ಲಿ ಕರ್ಬಲಾದಲ್ಲಿ ನಡೆದದ್ದು: ಪ್ರವಾದಿಯವರ ಮೊಮ್ಮಗ ಹುಸೇನರ ಸಾವು, ನೀರಿಲ್ಲದೆ ಬಾಯಾರಿದ ಮಕ್ಕಳು, ಮದುಮಗ ಕಾಸಿಮ. ದುಃಖದ ಪದಕ್ಕೆ ಕುಣಿತ ಹೇಗೆಂದು ಹೊರಗಿನವರು ಕೇಳುವುದುಂಟು. ಮೇಳದವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಸತ್ತವರ ಮುಂದೆ ಭಜನೆ, ಹಲಗೆ ಹಚ್ಚಿಕೊಂಡು ಹೋಗುವ ನಾಡಿನಲ್ಲಿ ಅದೇನು ದೊಡ್ಡದು? ಆದರೆ ಪದ ನಡೆದಾಗ ಸಿಳ್ಳೆ ಹಾಕಬೇಡಿ. ಮೊಬೈಲ್ ಎತ್ತಿ ಮುಂದಿನವರ ಮುಖಕ್ಕೆ ಬೆಳಕು ಬಿಡುವುದೂ ಬೇಡ.

6. ಬೆಂಕಿಯಿಂದ ದೂರ

ಕುಣಿಯಲ್ಲಿ ಕಟ್ಟಿಗೆ ಉರಿಯುತ್ತಿರುತ್ತದೆ. ದೇವರು ಹೊತ್ತವರು, ಹರಕೆಯವರು ಕೆಂಡ ಹಾಯುತ್ತಾರೆ. ನೀವು ಹಾಯಬೇಡಿ. ಪಂಜಾ ಹೊತ್ತವರು ಓಡಿ ಬಂದರೆ ಸಾಲು ಒಡೆದು ದಾರಿ ಬಿಡಬೇಕು, ಅವರು ನಿಲ್ಲುವುದಿಲ್ಲ. ಕುಡಿದು ಬಂದವರ ಪಕ್ಕ ನಿಲ್ಲುವುದಕ್ಕಿಂತ ಸಾಲಿನ ಇನ್ನೊಂದು ತುದಿಗೆ ಹೋಗುವುದು ಲೇಸು.

7. ನಡುನಡುವೆ

ನೀರು, ಶರಬತ್ತು, ಚಹಾ ಯಾರಾದರೂ ಕೊಡುತ್ತಲೇ ಇರುತ್ತಾರೆ. ಹಬ್ಬದ ಸಿಹಿ ಚೊಂಗೆ ಕೊಟ್ಟರೆ ಬೇಡ ಅನ್ನಬೇಡಿ. ರಾತ್ರಿ ಹಳ್ಳಿಯಿಂದ ಬಸ್ಸು ಸಿಗುವ ಭರವಸೆ ಇಟ್ಟುಕೊಳ್ಳದೆ ಮಲಗುವ ಜಾಗ ಮೊದಲೇ ಕೇಳಿಕೊಂಡಿರಿ.

8. ಮರುದಿನ

ಹತ್ತನೇ ದಿನ ಸಂಜೆ ದೇವರು ಹಳ್ಳಕ್ಕೋ ಬಾವಿಗೋ ಹೊರಡುತ್ತವೆ, ಮೇಳ ಅಲ್ಲಿಯ ತನಕ ಹೆಜ್ಜೆ ಹಾಕುತ್ತದೆ. ಹಬ್ಬ ಮುಗಿದ ಒಂದೆರಡು ದಿನಕ್ಕೆ ಒಂದು ನೋಟುಬುಕ್ಕು ಹಿಡಿದು ಮತ್ತೆ ಮುತ್ಯಾನ ಮನೆಗೆ ಹೋಗಿ, ಪದ ಹೇಳಿಸಿ ಬರೆದುಕೊಳ್ಳಿ. ಹಿನ್ನೆಲೆ ಓದಬೇಕೆಂದರೆ ರಹಮತ್ ತರೀಕೆರೆಯವರ 'ಕರ್ನಾಟಕದ ಮೊಹರಂ' ಪುಸ್ತಕವಿದೆ. ಆದರೆ ನಿಮ್ಮ ಊರಿನ ಮೇಳದ ಪದ ಎಷ್ಟೋ ಸಲ ಆ ಊರಿನ ಬಾಯಲ್ಲಿ ಮಾತ್ರ ಇರುತ್ತದೆ. ಮುತ್ಯಾ ಕೂತು ಹೇಳುವಾಗ ಸಾಲು ಮರೆತರೆ ಎದ್ದು ನಾಲ್ಕು ಹೆಜ್ಜೆ ಹಾಕಲು ಹೇಳಿ, ನೆನಪಾಗುತ್ತದೆ.