ತಲೆ ಕತ್ತರಿಸಿದ ಅಲೆ

ಮೊಬೈಲ್‌ನಲ್ಲಿ ಮೀಮ್ ವಿಡಿಯೋ ನೋಡುವಾಗ ಇದ್ದಕ್ಕಿದ್ದಂತೆ ಹಾಡು ಕರಕರ ಅಂತ ಒಡೆದು ಕಿರುಚುತ್ತದಲ್ಲ, ಯಾಕೆ ಗೊತ್ತೇ? ಫೋನ್ ಕೆಟ್ಟಿರುವುದಿಲ್ಲ. ಅದು ಬೇಕೆಂದೇ ಕೆಡಿಸಿದ ಶಬ್ದ.

ಅಮೆರಿಕದಲ್ಲಿ 2013ರಲ್ಲಿ ವೈನ್ ಎಂಬ ಆ್ಯಪ್ ಬಂತು. ಅದರಲ್ಲಿ ಒಂದು ವಿಡಿಯೋಗೆ ಸುಮಾರು 6 ಸೆಕೆಂಡು ಮಾತ್ರ. ಅಷ್ಟರಲ್ಲೇ ನಗಿಸಬೇಕು! ಮಾತಿಗೆ ಪುರುಸೊತ್ತಿಲ್ಲ, ಧಡಾರ್ ಅಂತ ಒಂದು ಸದ್ದು ಹಾಕಿದರೆ ಕೆಲಸ ಆಯ್ತು. 2017ರಲ್ಲಿ ವೈನ್ ಮುಚ್ಚಿತು. ಆದರೂ ‘ವೈನ್ ಬೂಮ್’ ಎಂಬ ಗುಡುಗಿನಂಥ ಸದ್ದು ಮೀಮ್‌ಗಳಲ್ಲಿ ಇನ್ನೂ ಕೇಳಿಸುತ್ತದೆ.

ಈಗ ಶಬ್ದ ಒಡೆಯುವ ವಿಷಯಕ್ಕೆ ಬರೋಣ. ಶಬ್ದವೆಂದರೆ ಅಲೆ. ಫೋನು ಆ ಅಲೆಯ ಎತ್ತರವನ್ನು ಅಂಕಿಗಳಲ್ಲಿ ಬರೆದಿಡುತ್ತದೆ. 16 ಬಿಟ್ ಲೆಕ್ಕದಲ್ಲಿ ಅತಿ ದೊಡ್ಡ ಅಂಕಿ 32,767. ಅದರ ಮೇಲೆ ಜಾಗವೇ ಇಲ್ಲ. ಶಬ್ದವನ್ನು ಹತ್ತು ಪಟ್ಟು ಏರಿಸಿದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಆ ಚೂಪು ಮೂಲೆಗಳಿಂದ ಮೂಲ ಹಾಡಿನಲ್ಲಿಲ್ಲದ ಕೀರಲು ಸ್ವರಗಳು ಹುಟ್ಟುತ್ತವೆ. ಕರಕರ ಅನ್ನುವುದು ಅದೇ. ಆಮೇಲೆ ವಾಲ್ಯೂಮ್ ಇಳಿಸಿದರೂ ಹೋದ ತಲೆ ವಾಪಸ್ ಬರೋದಿಲ್ಲ. ಜಾತ್ರೆಯಲ್ಲಿ ಮೈಕ್ ಸೆಟ್ಟಿನವರು ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದಾಗ ಆಗುವುದೂ ಇದೇ. ಅಲ್ಲಿ ಯಾರೂ ನಗುವುದಿಲ್ಲ, ಬೈಯುತ್ತಾರೆ!

ಇಯರ್‌ಫೋನ್ ಹಾಕುವವರು ಇಲ್ಲಿ ಸ್ವಲ್ಪ ಗಮನಿಸಿ. ಎರಡು ಅಲೆಗಳ ಎತ್ತರ ಒಂದೇ ಇದ್ದರೂ, ಪೂರ್ತಿ ಚೌಕವಾದ ಅಲೆಯಲ್ಲಿ ನುಣುಪಾದ ಅಲೆಯ ಎರಡರಷ್ಟು ಶಕ್ತಿ ಇರುತ್ತದೆ. ಅಂದರೆ ವಾಲ್ಯೂಮ್ ಮುಟ್ಟದಿದ್ದರೂ 3 ಡೆಸಿಬೆಲ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ ಬರೀ 10. ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಗಡ್ಡೆಕೋಸಿನ ಸಸಿಯಾದರೆ ಇನ್ನೊಂದು ನೆಡಬಹುದಿತ್ತು.

ರಾತ್ರಿ ಇಯರ್‌ಫೋನ್ ಹಾಕಿಕೊಂಡೇ ಮಲಗುವ ನನ್ನ ತಮ್ಮನಿಗೆ ಇದನ್ನು ಹೇಳಿದೆ. ‘ಸುಳ್ಳು, ವಾಲ್ಯೂಮ್ ಅಷ್ಟೇ ಇದೆಯಲ್ಲ’ ಅಂದ. ಅವನ ಹಾಗೆ ನಂಬದವರು ಗ್ರಾಫ್ ಹಾಳೆಯಲ್ಲಿ ಎರಡೂ ಅಲೆ ಬರೆಯಿರಿ. ಎತ್ತರ 1 ಇರಲಿ. ಅಲ್ಲಲ್ಲಿ ಎತ್ತರ ಅಳೆದು, ವರ್ಗ ಮಾಡಿ, ಸರಾಸರಿ ತೆಗೆಯಿರಿ. ನುಣುಪಾದದ್ದಕ್ಕೆ ಅರ್ಧ ಬರುತ್ತದೆ, ಚೌಕದ್ದಕ್ಕೆ ಪೂರ್ತಿ 1.