ಬೆಕ್ಕು ಪದೇ ಪದೇ ಕೂದಲುಂಡೆ ಕಾರುತ್ತಿದ್ದರೆ

ಪ್ರಶ್ನೆ: ನಮ್ಮ ಎಂಟು ವರ್ಷದ ಬೆಕ್ಕಿಗೆ ಕರುಳಿನ ಉರಿಯೂತವಿದೆ. ಈಗ ವಾರಕ್ಕೆರಡು ಸಲ ಕೂದಲುಂಡೆ ಕಾರುತ್ತದೆ, ಭೇದಿಯೂ ಇದೆ. ಎಣ್ಣೆ ಕುಡಿಸಬಹುದೇ?
– ಓದುಗರು, ನಿಪ್ಪಾಣಿ

ಪಶುವೈದ್ಯರ ಉತ್ತರ: ಎಣ್ಣೆ ಬೇಡ. ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಇಳಿದೀತು. ಕರುಳು ಊದಿಕೊಂಡಾಗ ನುಂಗಿದ ಕೂದಲು ಸರಾಗವಾಗಿ ಮುಂದೆ ಸಾಗುವುದಿಲ್ಲ. ಕೂದಲುಂಡೆ ಹೆಚ್ಚಿದೆಯೆಂದರೆ ಮೂಲ ಕಾಯಿಲೆ ಹತೋಟಿ ತಪ್ಪಿರಬಹುದು.

ದಿನವೂ ಮೈ ಬಾಚಿ. ನಿಪ್ಪಾಣಿ ಕಡೆಯವರಾದ ನಿಮ್ಮಲ್ಲಿ ತಂಬಾಕಿನ ಕೆಲಸವಿದ್ದರೆ ಬೆಕ್ಕನ್ನು ಅತ್ತ ಬಿಡಬೇಡಿ. ರೋಮಕ್ಕೆ ಅಂಟಿದ ಪುಡಿಯನ್ನು ನೆಕ್ಕಿದರೆ ನಿಕೋಟಿನ್ ವಿಷವಾಗುತ್ತದೆ. ಪುಡಿ ಅಂಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಹಾಲು, ಈರುಳ್ಳಿ–ಬೆಳ್ಳುಳ್ಳಿ ಬಿದ್ದ ಸಾರನ್ನ ನಿಲ್ಲಿಸಿ. ವೈದ್ಯರನ್ನು ಕೇಳಿ, ಈವರೆಗೆ ತಿನ್ನದ ಒಂದೇ ಬಗೆಯ ಮಾಂಸವಿರುವ ಆಹಾರವನ್ನು 3–4 ವಾರ ಕೊಟ್ಟು ನೋಡಿ. ನಡುವೆ ಬೇರೇನೂ ಬೇಡ. ವಾಂತಿ, ಮಲ, ತೂಕ ಬರೆದಿಡಿ.

ಆದರೂ ವಾಂತಿ, ಭೇದಿ ತಗ್ಗದಿದ್ದರೆ ರಕ್ತದಲ್ಲಿ ಬಿ12 ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಕರುಳಿನ ಕ್ಯಾನ್ಸರ್‌ಗೂ ಇವೇ ಲಕ್ಷಣ. ಉರಿಯೂತಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಮನುಷ್ಯರ ಮಾತ್ರೆಗಳನ್ನೂ ನೀವಾಗಿ ಕೊಡಬೇಡಿ; ಪ್ಯಾರಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತದೆ.

ಒಂದು ದಿನ ಉಣ್ಣದಿದ್ದರೆ, ಓಕರಿಸಿದರೂ ಏನೂ ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.