ಮಳೆಗಾಲಕ್ಕೆ ಮೊದಲು ಸಿಂಪರಣಾ ಪಂಪಿನ ದುರಸ್ತಿ

ಹರಪನಹಳ್ಳಿ ತಾಲೂಕಿನ ಅರಸೀಕೆರೆ ಹೋಬಳಿಯಲ್ಲಿ (ಹಾಸನ ಜಿಲ್ಲೆಯ ಅರಸೀಕೆರೆ ಬೇರೆ) ಮುಂಗಾರಿನ ದೊಡ್ಡ ಬೆಳೆ ಮೆಕ್ಕೆಜೋಳ. ರೋಹಿಣಿ, ಮೃಗಶಿರ ಮಳೆಗೆ ಬಿತ್ತಿದ ಪೈರು ಆರಿದ್ರಾ ಮಳೆಯ ಹೊತ್ತಿಗೆ ಎರಡು ಮೂರು ವಾರದ್ದಾಗಿರುತ್ತದೆ. ಸುಳಿಗೆ ಫಾಲ್ ಸೈನಿಕ ಹುಳು ಬೀಳುವುದೂ ಆಗಲೇ. ರೈತರು ಇದನ್ನೂ ಲದ್ದಿ ಹುಳು ಎಂದೇ ಕರೆಯುತ್ತಾರೆ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದು 2018ರಲ್ಲಿ, ಅದೂ ಕರ್ನಾಟಕದಲ್ಲಿ. ಅಂದಿನಿಂದ ಮೆಕ್ಕೆಜೋಳ ಬೆಳೆಯುವವರ ಮನೆಯಲ್ಲಿ ಸಿಂಪರಣಾ ಪಂಪಿಗೆ ಕೆಲಸ ಹೆಚ್ಚಾಗಿದೆ.

ಹುಳು ಕಂಡ ದಿನವೇ ಅಟ್ಟದ ಮೇಲಿನ ಪಂಪನ್ನು ಕೆಳಗಿಳಿಸುವುದು ಬಹಳ ಮನೆಗಳ ರೂಢಿ. ಕಳೆದ ವರ್ಷ ತೊಳೆಯದೆ ಇಟ್ಟ ಪಂಪು ಅಂದು ಸರಿಯಾಗಿ ನಡೆಯುವುದಿಲ್ಲ. ಹಿಡಿಕೆ ಆಡಿಸಿದರೆ ಗಾಳಿ ಹಿಡಿಯದು, ನಾಜಲಿನಲ್ಲಿ ಹನಿ ಬೀಳುತ್ತದೆಯೇ ಹೊರತು ಮಂಜಿನಂತೆ ಸಿಡಿಯದು. ಹರಪನಹಳ್ಳಿಗೋ ದಾವಣಗೆರೆಗೋ ಕೊಂಡೊಯ್ದರೆ ಅದೇ ವಾರ ಊರೂರಿನ ಪಂಪುಗಳು ರಿಪೇರಿ ಅಂಗಡಿಯ ಮುಂದೆ ಸಾಲುಗಟ್ಟಿರುತ್ತವೆ. ಹೀಗೆ ನಾಲ್ಕು ದಿನ ಕಳೆದರೆ ಮರಿ ಹುಳು ಬಲಿತು, ಸುಳಿಯ ಆಳಕ್ಕೆ ಇಳಿದು, ತನ್ನದೇ ಹಿಕ್ಕೆಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ಕಷ್ಟ.

ಈ ಪಂಪಿನಲ್ಲಿ ಕೆಡುವ ಭಾಗಗಳು ಐದಾರು ಮಾತ್ರ. ವಾಷರ್, ಗುಂಡು, ಓ ರಿಂಗ್ ಸೇರಿದ ಒಂದು ಪೊಟ್ಟಣದ ಬೆಲೆ ಹೊಸ ಪಂಪಿನ ಬೆಲೆಯ ಮುಂದೆ ಏನೇನೂ ಅಲ್ಲ. ಯುಗಾದಿ ಕಳೆದು, ಉಚ್ಚಂಗಿದುರ್ಗದ ಜಾತ್ರೆಯಿಂದ ಹಿಂತಿರುಗಿದ ಮೇಲೆ ಬಿತ್ತನೆಯವರೆಗೆ ಸಿಗುವ ಬಿಡುವಿನಲ್ಲಿ ಒಂದು ಮಧ್ಯಾಹ್ನ ಈ ಕೆಲಸಕ್ಕೆ ಸಾಕು.

ಸ್ಥಳ ಮತ್ತು ಸಲಕರಣೆ

ಹಿಂದೆ ಬಂಡಿ ನಿಲ್ಲಿಸುತ್ತಿದ್ದ ಚಪ್ಪರದಲ್ಲಿ ಈಗ ಎಷ್ಟೋ ಮನೆಗಳಲ್ಲಿ ಮೋಟಾರ್ ಸೈಕಲ್ ನಿಂತಿದೆ. ಅದರ ಒಂದು ಮೂಲೆಯೇ ಈ ಕೆಲಸಕ್ಕೆ ತಕ್ಕ ಜಾಗ. ಅಡುಗೆ ಮನೆ, ಪಡಸಾಲೆ, ಕಾಳು ಕಡಿ ಇಡುವ ಕೋಣೆ ಬೇಡ. ಮೋಟಾರ್ ಸೈಕಲ್ಲಿಗಾಗಿ ಇಟ್ಟಿರುವ ಸ್ಪಾನರ್, ಸ್ಕ್ರೂ ಡ್ರೈವರ್ ಮತ್ತು ಇಕ್ಕಳವೇ ಸಾಕಾಗುತ್ತವೆ. ಇದರ ಜೊತೆಗೆ ಒಂದು ಸುರುಳಿ ಟೆಫ್ಲಾನ್ ಟೇಪು, ಹಳೆಯ ಹಲ್ಲುಜ್ಜುವ ಬ್ರಷ್ಷು, ಹರಿದ ಸೈಕಲ್ ಟ್ಯೂಬು, ಸ್ವಲ್ಪ ಔಡಲೆಣ್ಣೆ, ಒಂದು ಲೀಟರಿನ ಅಳತೆ ಜಾಡಿ, ರಬ್ಬರ್ ಕೈಚೀಲ ಇರಬೇಕು. ಬಿಚ್ಚಿದ ಭಾಗಗಳನ್ನು ನೆಲದ ಮೇಲೆ ಇಡದೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಇಟ್ಟರೆ ಕಡಲೆಕಾಳಿನಷ್ಟು ದಪ್ಪದ ಗುಂಡು ಉರುಳಿ ಕಳೆದುಹೋಗುವುದಿಲ್ಲ, ಮರಳಿ ಜೋಡಿಸುವ ಕ್ರಮವೂ ಮರೆಯುವುದಿಲ್ಲ. ಅಡುಗೆ ಮನೆಯ ತಟ್ಟೆ, ಲೋಟ ಒಮ್ಮೆ ಈ ಕೆಲಸಕ್ಕೆ ಬಂದರೆ ಮತ್ತೆ ಒಳಗೆ ಹೋಗಬಾರದು.

ಬಿಚ್ಚುವ ಮೊದಲು ಪಂಪನ್ನು ಸೋಪಿನ ನೀರಿನಿಂದ ಒಳಗೂ ಹೊರಗೂ ತೊಳೆದು, ಸ್ವಚ್ಛ ನೀರನ್ನು ನಾಜಲಿನ ಮೂಲಕ ಹೊರಬಿಡಬೇಕು. ಹೀಗೆ ಮೂರು ಸಲ. ತೊಳೆದ ನೀರು ಬಾವಿ, ಹಳ್ಳ, ದನದ ಬಾನಿಯ ಹತ್ತಿರ ಹೋಗದಂತೆ ಹೊಲದ ಬದುವಿನಲ್ಲಿ ಚೆಲ್ಲಬೇಕು. ಒಳಗೆ ಉಳಿದ ಒತ್ತಡವನ್ನು ಟ್ರಿಗರ್ ಒತ್ತಿ ಪೂರ್ತಿ ಬಿಟ್ಟ ಮೇಲೆಯೇ ಸ್ಪಾನರ್ ಹಿಡಿಯಬೇಕು.

ಪಂಪು ನಡೆಯುವ ಬಗೆ

ಹಿಡಿಕೆ ಆಡಿಸಿದಾಗ ಸಿಲಿಂಡರಿನೊಳಗೆ ವಾಷರ್ ಕಟ್ಟಿದ ದಂಡ ಮೇಲೆ ಕೆಳಗೆ ಚಲಿಸುತ್ತದೆ. ಒಂದು ಎಳೆತಕ್ಕೆ ಕೆಳಗಿನ ಗುಂಡು ಎದ್ದು ಟ್ಯಾಂಕಿನ ದ್ರಾವಣ ಒಳಗೆ ಬರುತ್ತದೆ. ಮರು ಒತ್ತಿಗೆ ಆ ಗುಂಡು ಕುಳಿತು, ಮೇಲಿನ ಗುಂಡು ಎದ್ದು, ದ್ರಾವಣ ಒತ್ತಡದ ಕೋಶಕ್ಕೆ ಹೋಗುತ್ತದೆ. ಅಲ್ಲಿರುವ ಗಾಳಿ ಕುಗ್ಗಿ ದ್ರಾವಣವನ್ನು ಒಂದೇ ಸಮನೆ ಪೈಪಿಗೆ ತಳ್ಳುತ್ತದೆ. ಇದಿಷ್ಟು ತಿಳಿದಿದ್ದರೆ ದೋಷ ಎಲ್ಲಿದೆಯೆಂದು ಬಿಚ್ಚದೆಯೇ ಹೇಳಬಹುದು.

ಬರೀ ನೀರು ತುಂಬಿ ಹಿಡಿಕೆ ಆಡಿಸಿ ನೋಡಬೇಕು. ಹಿಡಿಕೆ ಎಳ್ಳಷ್ಟೂ ಬಿಗಿಯಿಲ್ಲದೆ ಸಲೀಸಾಗಿ ಆಡಿದರೆ ವಾಷರ್ ಸವೆದಿದೆ ಇಲ್ಲವೇ ಒಣಗಿದೆ. ಆಡಿಸುವಾಗ ಸರಿಯಾಗಿ ಬಂದು, ನಿಲ್ಲಿಸಿದ ಕೂಡಲೇ ಸಿಂಪರಣೆ ಸತ್ತುಹೋದರೆ ಗುಂಡಿನ ಕೆಳಗೆ ಕಸ ಸೇರಿದೆ. ಹಿಡಿಕೆ ಬಿಗಿಯಾಗಿದ್ದು ನೀರು ಬರದಿದ್ದರೆ ಜಾಲರಿ ಅಥವಾ ನಾಜಲ್ ಕಟ್ಟಿದೆ. ಟ್ರಿಗರ್ ಬಿಟ್ಟ ಮೇಲೂ ಹನಿ ನಿಲ್ಲದಿದ್ದರೆ ಅಲ್ಲಿನ ಓ ರಿಂಗ್ ಹೋಗಿದೆ.

ಚರ್ಮದ ವಾಷರ್ ಒಣಗಿ ಗಟ್ಟಿಯಾಗಿದ್ದರೆ ಎಸೆಯುವ ಮುನ್ನ ಒಂದು ರಾತ್ರಿ ಔಡಲೆಣ್ಣೆಯಲ್ಲಿ ನೆನೆಹಾಕಿ ನೋಡಬೇಕು. ಬಹಳ ಸಲ ಅದು ಮೆತ್ತಗಾಗಿ, ಅಂಚು ಅರಳಿ, ಮತ್ತೆ ಕೆಲಸಕ್ಕೆ ಬರುತ್ತದೆ. ಬಂಡಿಯ ಕೀಲೆಣ್ಣೆ ಇದಕ್ಕೆ ಆಗದು. ಅದರಲ್ಲಿರುವ ಮಸಿ ಸಿಲಿಂಡರನ್ನು ಗೀರುತ್ತದೆ. ರಬ್ಬರ್ ವಾಷರಿಗೆ ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ಮುಟ್ಟಿಸಬಾರದು, ರಬ್ಬರ್ ಉಬ್ಬಿ ಕೆಡುತ್ತದೆ. ಜೋಡಿಸುವಾಗ ಸೋಪಿನ ನೀರು ಹಚ್ಚಿದರೆ ಜಾರಿ ಕೂರುತ್ತದೆ. ಬಟ್ಟಲಿನಾಕಾರದ ವಾಷರಿನ ಬಾಯಿ ನೀರನ್ನು ಒತ್ತುವ ದಿಕ್ಕಿಗೇ ಇರಬೇಕು. ತಲೆಕೆಳಗಾಗಿ ಹಾಕಿ, ಹೊಸ ವಾಷರೇ ಸರಿಯಿಲ್ಲವೆಂದು ಅಂಗಡಿಯವನ ಮೇಲೆ ಸಿಟ್ಟಾದವರು ಇಲ್ಲದಿಲ್ಲ.

ಬೆನ್ನು ತೋಯಿಸುವ ಸೋರಿಕೆ

ಎಲ್ಲ ದೋಷಗಳಿಗಿಂತ ಮೊದಲು ಸರಿಪಡಿಸಬೇಕಾದದ್ದು ಇದು. ಪೈರಿಗೆ ಔಷಧಿ ಕಡಿಮೆ ಬಿದ್ದರೆ ಮತ್ತೊಮ್ಮೆ ಹೊಡೆಯಬಹುದು. ಮೂರು ಗಂಟೆ ಕಾಲ ಬೆನ್ನ ಮೇಲೆ ಸೋರಿದ ಔಷಧಿ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಬೆವರಿದ ಮೈ ಇನ್ನೂ ಬೇಗ ಹೀರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಸಿಂಪಡಿಸಿದ ನೂರಾರು ಮಂದಿ ಆಸ್ಪತ್ರೆ ಸೇರಿ, 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೂಲಿಗೆ ಹೊಡೆಯುವವರೂ ಇದ್ದರು. ಹೊಲದ ಒಡೆಯನ ಪಂಪು ಸೋರಿದರೆ ತೋಯುವುದು ಹೊತ್ತವನ ಬೆನ್ನು ಎಂಬುದನ್ನು ಪಂಪು ಕೊಡುವವರು ನೆನಪಿಡಬೇಕು.

ಸೋರಿಕೆ ಸಾಮಾನ್ಯವಾಗಿ ಮುಚ್ಚಳದಿಂದ ಶುರುವಾಗುತ್ತದೆ. ಮುಚ್ಚಳದ ರಬ್ಬರ್ ಸುತ್ತು ಬಿರಿದಿದ್ದರೆ ಸೈಕಲ್ ಟ್ಯೂಬನ್ನು ಅದೇ ಅಳತೆಗೆ ಬಳೆಯಾಕಾರವಾಗಿ ಕತ್ತರಿಸಿ ಹಾಕಬಹುದು. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ರಂಧ್ರ, ಅದಕ್ಕೊಂದು ಪುಟ್ಟ ರಬ್ಬರ್ ಬಿರಡೆ ಇರುತ್ತದೆ. ಬಿರಡೆ ಬಿದ್ದುಹೋಗಿದ್ದರೆ ಬಗ್ಗಿದಾಗೆಲ್ಲ ದ್ರಾವಣ ಕುತ್ತಿಗೆಗೆ ಚಿಮ್ಮುತ್ತದೆ. ರಂಧ್ರವನ್ನೇ ಮುಚ್ಚಿಬಿಟ್ಟರೆ ಟ್ಯಾಂಕಿಗೆ ಗಾಳಿ ಹೋಗದೆ ಪಂಪು ನಿಲ್ಲುತ್ತದೆ. ಹೊಸ ಬಿರಡೆಯೇ ಹಾಕಬೇಕು.

ಪೈಪಿನ ತುದಿ ಗಟ್ಟಿಯಾಗಿ ಸೀಳಿದ್ದರೆ ಒಂದು ಅಂಗುಲ ಕತ್ತರಿಸಿ, ಉಳಿದ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಏರಿಸಿ, ಕ್ಲಿಪ್ಪು ಬಿಗಿಯಬೇಕು. ತಂತಿ ಸುತ್ತಿ ಬಿಗಿಯುವುದು ಒಂದು ದಿನದ ಉಪಾಯ. ತಂತಿ ಪೈಪನ್ನೇ ಕೊರೆಯುತ್ತದೆ. ಮರೆಯ ಕೀಲುಗಳಿಗೆ ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿಗೇ ಮೂರು ನಾಲ್ಕು ಸುತ್ತು ಹಾಕಬೇಕು, ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

ಟ್ಯಾಂಕೇ ಬಿರುಕು ಬಿಟ್ಟಿದ್ದರೆ ವಿಷಯ ಬೇರೆ. ಪಂಕ್ಚರ್ ಅಂಗಡಿಯ ಸಲ್ಯೂಷನ್ ಆಗಲಿ, ಎರಡು ಉಂಡೆ ಕಲಸಿ ಹಚ್ಚುವ ಅಂಟಾಗಲಿ ಈ ಪಾಲಿಥೀನ್ ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ವಾರದಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ಚೂರನ್ನು ಕಾದ ಕಬ್ಬಿಣದಿಂದ ಕರಗಿಸಿ ಬೆಸೆದರೆ ಮೇಲ್ಭಾಗದ ಸಣ್ಣ ಬಿರುಕು ನಿಲ್ಲುತ್ತದೆ. ಚೆನ್ನಾಗಿ ತೊಳೆದು, ಒಣಗಿಸಿ, ಬಯಲಿನಲ್ಲಿ, ಹೊಗೆ ಮುಖಕ್ಕೆ ಬಾರದಂತೆ ಮಾಡಬೇಕು. ತಳದಲ್ಲಿ ಅಥವಾ ಪಂಪು ಕೂರುವ ಜಾಗದಲ್ಲಿ ಬಿರುಕು ಇದ್ದರೆ ಟ್ಯಾಂಕು ಬದಲಿಸಬೇಕು. ಅಂಥ ಹಳೆಯ ಟ್ಯಾಂಕು ನೀರು ತುಂಬಿಡಲು ಸಹ ಬರಬಾರದು.

ನಾಜಲಿನ ಪರೀಕ್ಷೆ

ನಾಜಲ್ ಕಟ್ಟಿದರೆ ಮೊಳೆ, ತಂತಿ, ಪಿನ್ನಿನಿಂದ ಚುಚ್ಚುವುದು ಎಲ್ಲೆಡೆ ಕಾಣುವ ಅಭ್ಯಾಸ. ಒಂದೇ ಚುಚ್ಚಿಗೆ ರಂಧ್ರದ ಅಂಚು ಕೆಡುತ್ತದೆ. ಬಾಯಿಂದ ಊದುವುದಂತೂ ವಿಷವನ್ನು ತುಟಿಗೆ ತಂದುಕೊಂಡಂತೆ. ನೀರಿನಲ್ಲಿ ನೆನೆಹಾಕಿ ಬ್ರಷ್ಷಿನಿಂದ ಉಜ್ಜಬೇಕು, ಬೇಕಿದ್ದರೆ ಒಣ ಹುಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಬೇಕು. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ನಾಜಲ್ ಇದ್ದರೆ ಈ ತೊಂದರೆಯೇ ಇಲ್ಲ.

ಕಟ್ಟಿದ ನಾಜಲ್ ಕಣ್ಣಿಗೆ ಕಾಣುತ್ತದೆ, ಸವೆದ ನಾಜಲ್ ಕಾಣುವುದಿಲ್ಲ. ಅದಕ್ಕೆ ಗಡಿಯಾರ ಮತ್ತು ಅಳತೆ ಜಾಡಿ ಬೇಕು. ಹೊಸ ನಾಜಲ್ ಹಾಕಿ, ಒಂದೇ ಲಯದಲ್ಲಿ ಹಿಡಿಕೆ ಆಡಿಸುತ್ತ, ಒಂದು ನಿಮಿಷ ನೀರನ್ನು ಜಾಡಿಗೆ ಹಿಡಿಯಬೇಕು. ನಂತರ ಹಳೆಯದನ್ನು ಹಾಕಿ ಹಾಗೆಯೇ ಹಿಡಿಯಬೇಕು. ಹೊಸದರಲ್ಲಿ 500 ಮಿಲಿ ಲೀಟರ್ ಬಂದು ಹಳೆಯದರಲ್ಲಿ 550 ಮಿಲಿ ಲೀಟರಿಗಿಂತ ಹೆಚ್ಚು, ಅಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬಂದರೆ ಹಳೆಯದನ್ನು ಬಿಸಾಡಬೇಕು.

ಇದರ ನಷ್ಟ ಎಷ್ಟೆಂದು ಹೊಲದಲ್ಲೇ ಲೆಕ್ಕ ಹಾಕಬಹುದು. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಗೂಟ ಹೊಡೆದು, ಅಳೆದು ತುಂಬಿದ ಬರೀ ನೀರನ್ನು ಎಂದಿನ ನಡಿಗೆಯಲ್ಲಿ ಸಿಂಪಡಿಸಬೇಕು. ಖರ್ಚಾದ ನೀರನ್ನು 40ರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. 5 ಲೀಟರ್ ಹಿಡಿದರೆ ಎಕರೆಗೆ 200 ಲೀಟರ್, 16 ಲೀಟರಿನ ಟ್ಯಾಂಕಿನಲ್ಲಿ ಹನ್ನೆರಡೂವರೆ. ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಲೀಟರಿಗೆ 0.4 ಗ್ರಾಂ, ಅಂದರೆ ಟ್ಯಾಂಕಿಗೆ 6.4 ಗ್ರಾಂ, ಎಕರೆಗೆ 80 ಗ್ರಾಂ. ನಾಜಲ್ ಸವೆದು ಅದೇ ಜಾಗಕ್ಕೆ 6 ಲೀಟರ್ ಹಿಡಿದರೆ ಎಕರೆಗೆ 240 ಲೀಟರ್, 96 ಗ್ರಾಂ. ಹದಿನಾರು ಗ್ರಾಂ ಔಷಧಿ ದಪ್ಪ ಹನಿಗಳಾಗಿ ಎಲೆಯಿಂದ ಜಾರಿ ನೆಲಕ್ಕೆ ಹೋಯಿತು. ಔಷಧಿ ಹೆಚ್ಚು ಹೊಡೆದರೂ ಹುಳು ಸಾಯಲಿಲ್ಲ ಎಂಬ ದೂರಿನ ಹಿಂದೆ ಇದೂ ಒಂದು ಕಾರಣವಿರಬಹುದು.

ಕಳೆನಾಶಕಕ್ಕೆ ಬೇರೆ ಪಂಪು

ಮೆಕ್ಕೆಜೋಳದಲ್ಲಿ ಅಗಲ ಎಲೆಯ ಕಳೆಗೆ 2,4-ಡಿ ಹೊಡೆದ ಪಂಪಿನಿಂದಲೇ ಪಕ್ಕದ ಹತ್ತಿಗೆ ಕೀಟನಾಶಕ ಹೊಡೆದರೆ ಹತ್ತಿಯ ಎಲೆ ಸೀಳಿ, ಬೆಂಡೆಯ ಎಲೆಯಂತೆ ಕಿರಿದಾಗಿ ಮುರುಟುತ್ತದೆ. ತೊಳೆದ ಪಂಪಿನ ವಾಷರ್, ಪೈಪುಗಳಲ್ಲಿ ಉಳಿದಷ್ಟೇ ಇದಕ್ಕೆ ಸಾಕು. ಇದನ್ನು ರೋಗವೆಂದು ತಿಳಿದು ಮತ್ತೆ ಔಷಧಿಗೆ ಹಣ ಸುರಿಯುವುದುಂಟು. ಸೂರ್ಯಕಾಂತಿ, ಮೆಣಸಿನಕಾಯಿ, ಟೊಮ್ಯಾಟೊ ಬೆಳೆಗೂ ಇದೇ ಭಯ. ಕಳೆನಾಶಕಕ್ಕೆ ಹಳೆಯದಾದರೂ ಬೇರೆ ಪಂಪನ್ನೇ ಇಟ್ಟು, ಗುರುತಿಗೆ ಪಟ್ಟಿಗೆ ಕೆಂಪು ಬಟ್ಟೆ ಕಟ್ಟಬೇಕು. ಒಂದೇ ಪಂಪು ಇರುವವರು ಟ್ಯಾಂಕು ತುಂಬ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡ ಕರಗಿಸಿ, ಸ್ವಲ್ಪವನ್ನು ಪೈಪು, ನಾಜಲಿನ ಮೂಲಕ ಬಿಟ್ಟು, ಉಳಿದದ್ದನ್ನು ರಾತ್ರಿಯಿಡೀ ಒಳಗೇ ನಿಲ್ಲಿಸಿ, ಮರುದಿನ ಸ್ವಚ್ಛ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಇಷ್ಟಾದರೂ ಹತ್ತಿಗೆ ಹೊಡೆಯುವಾಗ ಅನುಮಾನ ಉಳಿಯುತ್ತದೆ. ನೆರೆಯವರ ಪಂಪು ಕೇಳಿ ತರುವುದೇ ಮೇಲು, ಅದರಲ್ಲಿ ಹಿಂದೆ ಏನು ಹೊಡೆದಿದ್ದರೆಂದು ಕೇಳಿಕೊಂಡು.

ಬ್ಯಾಟರಿ ಪಂಪು ಮತ್ತು ಇಡುವ ಕ್ರಮ

ಬ್ಯಾಟರಿ ಪಂಪಿನಲ್ಲಿ ಹಿಡಿಕೆಯ ಶ್ರಮವಿಲ್ಲ, ಆದರೆ ಬ್ಯಾಟರಿ ಸಾಯುವುದು ಕೆಲಸದಲ್ಲಲ್ಲ, ಅಟ್ಟದ ಮೇಲೆ. 12 ವೋಲ್ಟಿನ ಸೀಸದ ಬ್ಯಾಟರಿಯನ್ನು ಬರಿದಾಗಿ ಇಟ್ಟರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಮತ್ತೆ ಚಾರ್ಜು ಹಿಡಿಯುವುದಿಲ್ಲ. ಪೂರ್ತಿ ಚಾರ್ಜು ಮಾಡಿಯೇ ಇಡಬೇಕು, ಬಿಡುವಿನ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು. ಪಂಪು ಏಕಾಏಕಿ ನಿಂತರೆ ಮೊದಲು ಫ್ಯೂಸು, ತಂತಿಯ ತುದಿಯ ತುಕ್ಕು ನೋಡಬೇಕು.

ಸುಗ್ಗಿಯ ನಂತರ ಯಾವ ಪಂಪನ್ನೇ ಆಗಲಿ ತೊಳೆದು, ಮುಚ್ಚಳ ತೆಗೆದು, ಟ್ರಿಗರ್ ತೆರೆದು, ನೀರೆಲ್ಲ ಬಸಿಯುವಂತೆ ತಲೆಕೆಳಗಾಗಿ ನೆರಳಿನಲ್ಲಿ ತೂಗುಹಾಕಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಬಿರಿಯುತ್ತದೆ, ನೆಲದ ಮೇಲಿಟ್ಟ ಪೈಪನ್ನು ಇಲಿ ಕಡಿಯುತ್ತದೆ. ಸಿಂಪರಣೆಯಿಂದ ಬಂದವರಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜು ಕಂಡರೆ ಬಟ್ಟೆ ತೆಗೆಸಿ, ಸೋಪು ನೀರಿನಲ್ಲಿ ಮೈ ತೊಳೆಸಿ, ಔಷಧಿಯ ಡಬ್ಬಿ ಅಥವಾ ಚೀಟಿಯನ್ನು ಜೊತೆಗೊಯ್ದು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಹೊಸ ಪಂಪು ಕೊಳ್ಳುವವರು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಬಗ್ಗೆ ವಿಚಾರಿಸುವವರೂ ಸೇರಿ, ಅದೇ ಮಾದರಿಯ ವಾಷರ್ ಪೊಟ್ಟಣ ಮತ್ತು ನಾಜಲ್ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಎರಡು ಜೊತೆ ಅಂದೇ ತಂದು ಪಂಪಿನ ಪಟ್ಟಿಗೆ ಚೀಲದಲ್ಲಿ ಕಟ್ಟಿಡಬೇಕು.